ಎಲೆಯ ಸಂದಿನ ಬಿಡಾರ

ನಮ್ಮ ಮನೆಯ ಮಹಡಿಯ ಮೇಲೆ ಒಂದು ಗಿಡವಿದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದಾಗ ಅದರ ಕೆಂಪು ಹೂಗೊಂಚಲಿಗೆ ಮರುಳಾಗಿ ಹಿಂದುಮುಂದು ನೋಡದೆ ಕೊಂಡುತಂದದ್ದು. ಹೆಸರು ಬ್ರೊಮೀಲಿಯಡ್. ಈ ಹೆಸರು ನಮ್ಮಾಕೆಯ ನಾಲಗೆಗೆ ಒಗ್ಗಲಿಲ್ಲ. ‘ಹಣ್ಣು ಬಿಡದ ಅನಾನಸ್’ ಎಂದು ಆಕೆ ಮರುನಾಮಕರಣ ಮಾಡಿದಳು. ಅದರಲ್ಲಿ ತಪ್ಪೇನೂ ಇಲ್ಲ. ಅನಾನಸ್ ಕೂಡ ಅದೇ ಕುಟುಂಬದ್ದು.

ಈ ಗಿಡದ ಎಲೆಗಳು ಬುಡದಲ್ಲಿ ಒಂದನ್ನೊಂದು ಅಪ್ಪಿಕೊಂಡು ಬಟ್ಟಲಿನಂತಾಗುತ್ತವೆ. ಮಳೆಯ ನೀರು ಅಲ್ಲಿಯೇ ನಿಲ್ಲುತ್ತದೆ. ಆ ಬಟ್ಟಲು ನೀರೇ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯೊಳಗೊಂದು ವ್ಯಾಜ್ಯವನ್ನು ಹೂಡಿತು.

ಏಳು ವರ್ಷದ ಮೊಮ್ಮಗನಿಗೆ ಡೆಂಗಿ ಜ್ವರ ಬಂದಿತ್ತು. ಆರು ದಿನ ಆಸ್ಪತ್ರೆ. ಆರು ರಾತ್ರಿಯೂ ನಮ್ಮಾಕೆ ಮಗುವಿನ ಮಂಚದ ಪಕ್ಕದ ಸ್ಟೂಲನ್ನು ಬಿಟ್ಟು ಏಳಲಿಲ್ಲ. ಪ್ಲೇಟ್‌ಲೆಟ್ ಲೆಕ್ಕ ಇಳಿಯುತ್ತ ಹೋದ ಆ ಎರಡು ದಿನಗಳನ್ನು ನೆನೆಯಲು ಈಗಲೂ ನನಗೆ ಧೈರ್ಯವಿಲ್ಲ. ಹುಡುಗ ಗುಣವಾಗಿ ಮನೆಗೆ ಬಂದ ಮೂರನೆಯ ದಿನ ಆರೋಗ್ಯ ಕಾರ್ಯಕರ್ತೆಯೊಬ್ಬರು ಬಂದು, ನೀರಿನ ತೊಟ್ಟಿ, ಹೂಕುಂಡದ ತಟ್ಟೆ ಎಲ್ಲವನ್ನೂ ಪರೀಕ್ಷಿಸಿ, ಕಡೆಗೆ ಮಹಡಿ ಹತ್ತಿದರು. ಎಲೆಯ ಸಂದಿಗೆ ಟಾರ್ಚ್ ಹಿಡಿದು, “ಸಾರ್, ಇಲ್ಲಿ ನೋಡಿ” ಎಂದರು. ಸೊಳ್ಳೆಯ ಹುಳುಗಳು ಡೊಂಕುಡೊಂಕಾಗಿ ಕುಣಿಯುತ್ತಿದ್ದವು.

“ಇದನ್ನು ಈಗಲೇ ಎಸೆಯಿರಿ” ಎಂದಳು ನಮ್ಮಾಕೆ. ಆಕೆಯ ದನಿಯಲ್ಲಿ ಆ ಆರು ರಾತ್ರಿಗಳೂ ಇದ್ದವು. ನೀರನ್ನೇನೋ ಆ ಕ್ಷಣವೇ ಚೆಲ್ಲಿದೆ. ಗಿಡದ ಮಾತಿಗೆ ಮಾತ್ರ “ನಾಳೆ ನೋಡೋಣ” ಎಂದೆ. ಮೂವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನಿಗೆ, ಎಸೆಯುವ ಮುನ್ನ ಅದರ ಜಾತಕವನ್ನೊಮ್ಮೆ ತೆರೆದು ನೋಡುವ ಚಪಲ.

ಆ ರಾತ್ರಿ ಪುಸ್ತಕಗಳನ್ನು ಹರವಿಕೊಂಡು ಕುಳಿತೆ. ಈ ಕುಟುಂಬದ ತವರು ಅಮೆರಿಕ ಖಂಡಗಳು. ಅಲ್ಲಿಂದಾಚೆ, ಪಶ್ಚಿಮ ಆಫ್ರಿಕದಲ್ಲಿ ಒಂದೇ ಒಂದು ಜಾತಿಯುಂಟು. ಕಾಡಿನಲ್ಲಿ ಇವುಗಳಲ್ಲಿ ಅನೇಕವು ಎತ್ತರದ ಮರಗಳ ಕೊಂಬೆಗಳ ಮೇಲೆ ಕುಳಿತು ಬದುಕುತ್ತವೆ. ಮರದ ರಸವನ್ನು ಹೀರುವುದಿಲ್ಲ. ಬಟ್ಟಲಿಗೆ ಬಿದ್ದ ತರಗೆಲೆಯನ್ನು ಅದರೊಳಗಿನ ಹುಳುಗಳು ತಿಂದು ಪುಡಿಮಾಡುತ್ತವೆ. ಆ ಕಸದ ಸಾರವನ್ನು ಗಿಡ ತನ್ನ ಎಲೆಗಳಿಂದಲೇ ಕುಡಿಯುತ್ತದೆ. ಬಾಡಿಗೆದಾರರೇ ಮನೆಯೊಡೆಯನಿಗೆ ಅಡುಗೆ ಮಾಡಿ ಬಡಿಸುವ ಏರ್ಪಾಡು! ಕೋಸ್ಟರಿಕದ ಕ್ಲೊಡೊಮಿರೊ ಪಿಕಾಡೊ ಎಂಬ ವಿಜ್ಞಾನಿ ಇಂಥ ಬಟ್ಟಲುಗಳನ್ನು ಶೋಧಿಸಿ, 1913ರಲ್ಲಿ ಸುಮಾರು 250 ಬಗೆಯ ಜೀವಿಗಳ ಪಟ್ಟಿ ಕೊಟ್ಟ. ಮುಂದೆ ಹಾವಿನ ವಿಷಕ್ಕೆ ಮದ್ದು ಹುಡುಕಿ ಹೆಸರಾದವನೂ ಈತನೇ. ಅದೇ ದೇಶದಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡದಾದ ಒಂದು ಕೆಂಪು ಕಪ್ಪೆಯಿದೆ. ತಾಯಿ ತನ್ನ ಗೊದಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಮರವೇರಿ ಈ ನೀರಿಗೆ ಬಿಡುತ್ತದೆ. ಆಮೇಲೂ ಬಂದುಬಂದು, ಮರಿಯಾಗದ ಮೊಟ್ಟೆಗಳನ್ನಿಟ್ಟು ಅವುಗಳಿಗೆ ಉಣಿಸುತ್ತದೆ.

ಆದರೆ ನನ್ನನ್ನು ನಡುರಾತ್ರಿಯವರೆಗೆ ಎಚ್ಚರವಿರಿಸಿದ್ದು ಜಮೈಕದ ಏಡಿ. ಎರಡು ಸೆಂಟಿಮೀಟರಿನಷ್ಟು ಅಗಲದ ಪುಟ್ಟ ಪ್ರಾಣಿ. ಇದರ ಪೂರ್ವಿಕರು ಸಮುದ್ರದವರು. ಇದಾದರೋ ಮರಿಮಾಡುವುದಕ್ಕೂ ಕಡಲಿಗೆ ಇಳಿಯದೆ, ಎಲೆಯ ಸಂದಿನಲ್ಲಿಯೇ ಸಂಸಾರ ಹೂಡುತ್ತದೆ. ಜರ್ಮನಿಯ ರುಡಾಲ್ಫ್ ಡೀಸಲ್ ಎಂಬಾತ (ಎಂಜಿನ್ನಿನ ಡೀಸಲ್ ಅಲ್ಲ, ಅದೇ ಹೆಸರಿನ ಇನ್ನೊಬ್ಬ) ಇದರ ಬಾಣಂತನವನ್ನು ಹತ್ತಿರದಿಂದ ಕಂಡು 1989ರಲ್ಲಿ ಬರೆದ. ಕೊಳೆತ ಎಲೆಯಿಂದ ನೀರು ಹುಳಿಯಾಗುತ್ತದೆ, ಉಸಿರಾಟಕ್ಕೆ ಬೇಕಾದ ಆಮ್ಲಜನಕ ಕುಗ್ಗುತ್ತದೆ. ಆದುದರಿಂದ ತಾಯಿ ಮೊದಲು ಕಸವನ್ನೆಲ್ಲ ಎತ್ತಿ ಹೊರಹಾಕುತ್ತದೆ. ಬಳಿಕ ಖಾಲಿ ಬಸವನಹುಳುವಿನ ಚಿಪ್ಪುಗಳನ್ನು ತಂದು ನೀರಿನಲ್ಲಿಡುತ್ತದೆ. ಚಿಪ್ಪಿನ ಸುಣ್ಣ ನೀರಿನ ಹುಳಿಯನ್ನು ಮುರಿಯುತ್ತದೆ, ಮರಿಗಳ ಕವಚಕ್ಕೂ ಒದಗುತ್ತದೆ. ಜಿರಲೆ, ಸಹಸ್ರಪದಿಗಳನ್ನು ಹಿಡಿದು ತಂದು ಮರಿಗಳಿಗೆ ತಿನ್ನಿಸುತ್ತದೆ. ಏರೋಪ್ಲೇನ್ ಚಿಟ್ಟೆ ಎನ್ನುತ್ತೇವಲ್ಲ, ಅದರ ದಾಯಾದಿಯೊಂದರ ಮರಿ ಅದೇ ನೀರಿನಲ್ಲಿ ಹೊಂಚುಹಾಕಿ ಎಳೆಯ ಏಡಿಗಳನ್ನು ನುಂಗುವಂಥದು. ಅದನ್ನು ಕಂಡರೆ ತಾಯಿ ಕೊಂದೇಬಿಡುತ್ತದೆ. ವಾರಗಟ್ಟಲೆ ಇದೇ ಕಾವಲು.

ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಇಷ್ಟನ್ನೂ ನಮ್ಮಾಕೆಗೆ ಹೇಳಿದೆ. ಟ್ರಿನಿಡಾಡಿನ ಕಥೆಯನ್ನು ಮುಚ್ಚಿಟ್ಟಿದ್ದರೆ ನನ್ನ ವಾದ ಗೆಲ್ಲುತ್ತಿತ್ತೇನೋ. ಮನಸ್ಸು ಒಪ್ಪದೆ ಅದನ್ನೂ ಹೇಳಿದೆ. ಆ ದ್ವೀಪದ ಕೋಕೋ ತೋಟಗಳಲ್ಲಿ ನೆರಳಿಗೆ ಬೆಳೆಸಿದ ಮರಗಳು ನಮ್ಮ ಮಲೆನಾಡಿನ ಕಾಫಿ ತೋಟದ ಹಾಲುವಾಣದ ಕುಲದವೇ. ಅವುಗಳ ಕೊಂಬೆಗಳಲ್ಲಿ ಬ್ರೊಮೀಲಿಯಡ್ಡುಗಳು ತುಂಬಿ, ಆ ನೀರಿನಲ್ಲಿ ಒಂದು ಜಾತಿಯ ಅನಾಫಿಲಿಸ್ ಸೊಳ್ಳೆ ಬೆಳೆದು ಮಲೇರಿಯ ಹರಡಿತು. 1940ರ ದಶಕದಲ್ಲಿ ಪಿಟೆಂಡ್ರೈ ಎಂಬ ಜೀವಶಾಸ್ತ್ರಜ್ಞ ಅಲ್ಲಿದ್ದು ಇದನ್ನೆಲ್ಲ ಅಭ್ಯಸಿಸಿದ. ಕಡೆಗೆ ಮರಗಳಿಗೆ ಮೈಲುತುತ್ತದ ದ್ರಾವಣ ಸಿಂಪಡಿಸಿ ಗಿಡಗಳನ್ನು ಕೊಂದರು.

ನಮ್ಮಾಕೆ ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೈಲುತುತ್ತದ ಮಾತನ್ನೇ ಹಿಡಿಯುವಳೆಂದು ನಾನು ಕಾದಿದ್ದೆ.

“ಆ ಏಡಿ ದಿನಾ ಮನೆ ಗುಡಿಸಿತಲ್ಲ. ನೀವು ಎಂದಾದರೂ ಈ ಗಿಡದ ನೀರು ಚೆಲ್ಲಿದ್ದಿರಾ?” ಎಂದು ಕೇಳಿದಳು.

ಉತ್ತರವಿರಲಿಲ್ಲ. ಕಪ್ಪೆಯನ್ನೂ ಏಡಿಯನ್ನೂ ಅದರ ತವರಿನಲ್ಲೇ ಬಿಟ್ಟು, ಬರಿಯ ಬಟ್ಟಲನ್ನು ತಂದು ಮಹಡಿಯ ಮೇಲಿಟ್ಟವನು ನಾನು. ಖಾಲಿ ಮನೆ ಕಂಡು ಸೊಳ್ಳೆ ಒಕ್ಕಲು ಬಂದದ್ದರಲ್ಲಿ ಆಶ್ಚರ್ಯವೇನು?

ಗಿಡ ಉಳಿಯಿತು, ಆದರೆ ಕರಾರಿನ ಮೇಲೆ. ಸೊಳ್ಳೆಯ ಮೊಟ್ಟೆ ರೆಕ್ಕೆ ಬಲಿತು ಹಾರುವುದಕ್ಕೆ ಒಂದು ವಾರ, ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೆ ಎರಡು ದಿನ, ಬುಧವಾರ ಮತ್ತು ಭಾನುವಾರ, ಕುಂಡವನ್ನು ಓರೆಮಾಡಿ ಹಳೆಯ ನೀರನ್ನು ಚೆಲ್ಲಿ, ಎಲೆಯ ಸಂದುಗಳಿಗೆಲ್ಲ ಪೈಪಿನಿಂದ ರಭಸವಾಗಿ ನೀರು ಬಿಡಬೇಕು. ಆಕೆ ಈ ಕೆಲಸವನ್ನು ನನಗೆ ಒಪ್ಪಿಸಿಲ್ಲ. ನನ್ನ ಮರೆವನ್ನು ಆಕೆ ಬಲ್ಲಳು. ತಾನೇ ಮಹಡಿ ಹತ್ತುತ್ತಾಳೆ. ಮೊಮ್ಮಗ ಪೈಪನ್ನು ಹಿಡಿದುಕೊಳ್ಳುತ್ತಾನೆ. ಏಡಿಯ ಕಥೆ ಅವನಿಗೂ ತಲುಪಿದೆಯೆಂದು ಕಾಣುತ್ತದೆ. ಮೊನ್ನೆ ನಾನು ಹೋಗಿ ನೋಡಿದರೆ, ಒಂದು ಎಲೆಯ ಸಂದಿನಲ್ಲಿ ಬಸವನಹುಳುವಿನ ಖಾಲಿ ಚಿಪ್ಪೊಂದು ಕುಳಿತಿತ್ತು.