ಮದ್ದಿನ ಪೈಪು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮಾತೆಲ್ಲ ಮದ್ದು ಹೊಡೆಯುವುದರ ಸುತ್ತಲೇ. ಮೈಲುತುತ್ತಕ್ಕೆ ಈ ವರ್ಷ ರೇಟೆಷ್ಟು, ಒಳ್ಳೆಯ ಸುಣ್ಣ ಎಲ್ಲಿ ಸಿಗುತ್ತದೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ಯಾವಾಗ ಬರುತ್ತಾನೆ, ಮಳೆ ಹಿಡಿಯುವುದರೊಳಗೆ ಒಂದು ಸಲವಾದರೂ ಮುಗಿದೀತೇ? ಪೈಪಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಮದ್ದು ಹೊಡೆಯುವ ದಿನ ಬೆಳಿಗ್ಗೆ ಅದು ಅಟ್ಟದಿಂದ ಇಳಿಯುತ್ತದೆ, ಒಡೆದರೆ ಅದಕ್ಕೆ ಬೈಗುಳ ಸಿಗುತ್ತದೆ, ಸಂಜೆ ಮತ್ತೆ ಅಟ್ಟ ಸೇರುತ್ತದೆ. ಆ ಪೈಪಿನ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಇದೆ. ಅದರ ಒಂದು ತುದಿ ನೆಲದ ಮೇಲಿದ್ದರೆ ಇನ್ನೊಂದು ತುದಿ ಐವತ್ತಡಿ ಎತ್ತರದಲ್ಲಿ, ಮರ ತಬ್ಬಿ ನಿಂತ ಒಬ್ಬ ಮನುಷ್ಯನ ಕೈಯಲ್ಲಿರುತ್ತದೆ.

ಈ ಮದ್ದು ಹೊಡೆಯುವುದು ಕೊಳೆರೋಗಕ್ಕೆ. ಆ ರೋಗ ನಮ್ಮ ತೋಟಗಳಿಗೆ ಹಳೆಯದು. ಹಿಂದೆ ಅಡಿಕೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆ ತಾಗದಂತೆ ಕಾಯುತ್ತಿದ್ದರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವಿವರವಾಗಿ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಢಿಗೆ ಬಂದಿದ್ದ ಬೋರ್ಡೋ ದ್ರಾವಣ ಅಡಿಕೆಗೂ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈಗಲೂ ಲೆಕ್ಕ ಅದೇ. ಬದಲಾದದ್ದು ಅದನ್ನು ಮೇಲಕ್ಕೆ ಕಳಿಸುವ ಸಾಧನ. ಕೈಯಲ್ಲಿ ಜಗ್ಗುವ ಪಂಪಿನ ಜಾಗಕ್ಕೆ ಇಂಜಿನ್ ಬಂತು, ಒತ್ತಡ ಹೆಚ್ಚಿತು, ಆ ಒತ್ತಡವನ್ನೆಲ್ಲ ಪೈಪೇ ತಡೆದುಕೊಳ್ಳಬೇಕಾಯಿತು.

ಮದ್ದಿನ ಪೈಪನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಒಳಗೊಂದು ನುಣುಪಾದ ಕೊಳವೆ, ಅದರ ಸುತ್ತ ಗಟ್ಟಿ ದಾರದ ಹೆಣಿಗೆ, ಹೊರಗೆ ಮತ್ತೊಂದು ಪದರ ಕಾಣುತ್ತದೆ. ಒತ್ತಡ ತಡೆಯುವುದು ನಡುವಿನ ದಾರ. ಹೊರಗಿನ ಪದರ ಇರುವುದೇ ಆ ದಾರವನ್ನು ಕಾಯುವುದಕ್ಕೆ. ಇಷ್ಟು ತಿಳಿದುಕೊಂಡರೆ ಏನು ಮಾಡಬಾರದು ಎಂಬುದು ತಾನಾಗಿ ಹೊಳೆಯುತ್ತದೆ. ಪೈಪನ್ನು ಒಮ್ಮೆ ಚೂಪಾಗಿ ಮಡಿಚಿದರೆ ಆ ಜಾಗದ ದಾರ ನಲುಗುತ್ತದೆ. ಮುಂದಿನ ಸಲ ಅದು ಅಲ್ಲೇ ಮಡಿಚಿಕೊಳ್ಳುತ್ತದೆ, ಅದರ ಮುಂದಿನ ಸಲ ಅಲ್ಲಿ ಉಬ್ಬು ಕಾಣುತ್ತದೆ, ಕೊನೆಗೆ ಒಂದು ದಿನ ಅಲ್ಲೇ ಒಡೆಯುತ್ತದೆ. ನೀರು ಬಾರದಿದ್ದಾಗ ಸಿಕ್ಕು ಬಿಡಿಸಲು ದೂರದಿಂದ ಜಗ್ಗುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ಜಗ್ಗಿದಷ್ಟೂ ಮಡಿಕೆ ಬಿಗಿಯುತ್ತದೆ. ನಾಲ್ಕು ಹೆಜ್ಜೆ ನಡೆದು ಹೋಗಿ ಕೈಯಿಂದ ಬಿಡಿಸಬೇಕು.

ಮಡಿಕೆ ಹುಟ್ಟುವುದು ಹೆಚ್ಚಾಗಿ ಸುತ್ತಿಡುವಾಗ. ಹೆಬ್ಬೆರಳು ಮತ್ತು ಮೊಣಕೈ ನಡುವೆ ಹಗ್ಗ ಸುತ್ತುವಂತೆ ಪೈಪು ಸುತ್ತಿದರೆ ಪ್ರತಿಯೊಂದು ಸುತ್ತಿಗೂ ಅದರ ಮೈಯಲ್ಲಿ ಒಂದು ಮುರಿ ಸೇರುತ್ತದೆ. ಮುಂದಿನ ಸಲ ತುದಿ ಹಿಡಿದು ಎಳೆದಾಗ ಅಷ್ಟೂ ಮುರಿಗಳು ಒಂದೊಂದಾಗಿ ಮಡಿಕೆಯಾಗುತ್ತವೆ. ಇದಕ್ಕೆ ಒಳ್ಳೆಯ ಉಪಾಯ, ನೆಲದ ಮೇಲೆ ಇಂಗ್ಲಿಷಿನ 8ರ ಅಂಕಿಯಂತೆ ದೊಡ್ಡದಾದ ಎರಡು ಸುತ್ತು ಒಂದಕ್ಕೊಂದು ಅಡ್ಡ ಹಾಯುವಂತೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾಕುತ್ತ ಹೋಗುವುದು. ಎಡದ ಮುರಿಯನ್ನು ಬಲದ ಮುರಿ ಬಿಡಿಸುತ್ತದೆ. ಹಾಗೆ ಹಾಕಿದ ನೂರು ಮೀಟರ್ ಪೈಪು ಮರುದಿನ ಒಂದೂ ಸಿಕ್ಕಿಲ್ಲದೆ ತೋಟಕ್ಕೆ ಹರಿದು ಹೋಗುವುದನ್ನು ನೋಡುವುದು ನನಗೆ ನಿಜಕ್ಕೂ ಸಂತೋಷ ಕೊಡುತ್ತದೆ. ಜಾಗ ಹೆಚ್ಚು ಬೇಕು, ಸಮಯವೂ ಸ್ವಲ್ಪ ಹೆಚ್ಚು ಬೇಕು. ಎರಡನ್ನೂ ಕೊಡಬಹುದು.

ಎಲ್ಲಕ್ಕಿಂತ ದೊಡ್ಡ ಉಪೇಕ್ಷೆ ನಡೆಯುವುದು ತೊಳೆಯುವುದರಲ್ಲಿ. ಎಂಟೂವರೆ ಮಿಲಿಮೀಟರ್ ಒಳವ್ಯಾಸದ ನೂರು ಮೀಟರ್ ಪೈಪಿನಲ್ಲಿ ಐದೂವರೆ ಲೀಟರಿಗೂ ಮಿಕ್ಕಿ ಮದ್ದು ನಿಂತಿರುತ್ತದೆ. ಕತ್ತಲಾಯಿತೆಂದು ಇಂಜಿನ್ ನಿಲ್ಲಿಸಿ ಹಾಗೇ ಸುತ್ತಿಟ್ಟರೆ ರಾತ್ರಿಯಿಡೀ ಅದರಲ್ಲಿರುವ ಸುಣ್ಣ ತಳಕ್ಕೆ ಕೂರುತ್ತದೆ. ಒಣಗಿದ ಮೇಲೆ ಅದು ಹಕ್ಕಳೆಯಾಗಿ ಎದ್ದು, ಮುಂದಿನ ಸಲ ನಾಜಲಿನ ತೂತಿಗೆ ಬಂದು ಕೂರುತ್ತದೆ. ಮರದ ಮೇಲಿರುವವನು ಆಗ ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದು ಕೈಯಲ್ಲಿ ನಾಜಲ್ ಬಿಚ್ಚಿ ಊದಬೇಕು. ಕೆಳಗೆ ಹತ್ತು ನಿಮಿಷ ಉಳಿಸಲು ಹೋದವರ ಕೆಲಸವನ್ನು ಮೇಲಿನವನು ಜೀವ ಒತ್ತೆಯಿಟ್ಟು ಮಾಡುವುದು ನ್ಯಾಯವಲ್ಲ. ಡ್ರಮ್ಮಿಗೆ ಒಳ್ಳೆಯ ನೀರು ತುಂಬಿ, ನಾಜಲ್ ಬಿಚ್ಚಿಟ್ಟು, ತುದಿಯಲ್ಲಿ ತಿಳಿನೀರು ಬರುವವರೆಗೆ ಪಂಪು ಓಡಿಸಬೇಕು. ಆಮೇಲೆ ಪೈಪಿನ ಒಂದು ತುದಿಯನ್ನು ಎತ್ತಿ ಹಿಡಿದು ನಡೆಯುತ್ತ ಹೋದರೆ ಉಳಿದ ನೀರೂ ಬಸಿದು ಹೋಗುತ್ತದೆ.

ತುದಿಯ ಕೂಡಿಕೆಗಳ ವಿಚಾರವೂ ಇದಕ್ಕೇ ಸೇರಿದ್ದು. ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುವ ಪದ್ಧತಿ ಬೆಳೆಗಾರರಿಗೆಲ್ಲ ಗೊತ್ತು. ಕತ್ತಿಯ ಮೇಲೆ ಕೆಂಪು ಬಣ್ಣದ ತಾಮ್ರ ಕೂತರೆ ಹುಳಿ ಹೆಚ್ಚಿದೆ, ಇನ್ನಷ್ಟು ಸುಣ್ಣ ಬೇಕು. ಕತ್ತಿಯ ಕಬ್ಬಿಣಕ್ಕೆ ಆಗುವುದೇ ಕಬ್ಬಿಣದ ಕ್ಲಿಪ್ಪಿಗೂ ನಟ್ಟಿಗೂ ಆಗುತ್ತದೆ. ಅದಕ್ಕೇ ಕೂಡಿಕೆಗಳಿಗೆ ಹಿತ್ತಾಳೆ ಒಳ್ಳೆಯದು. ಕ್ಲಿಪ್ಪನ್ನು ವಿಪರೀತ ಬಿಗಿದರೆ ಅದರ ಅಂಚೇ ಪೈಪನ್ನು ಕೊಯ್ಯುತ್ತದೆ. ಪೈಪಿನ ತುದಿ ಕೂಡಿಕೆಯೊಳಗೆ ಹೋಗದಿದ್ದರೆ ಒಲೆಯ ಬೆಂಕಿಗೆ ಹಿಡಿಯಬಾರದು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ಮೆತ್ತಗಾಗಿ ತಾನೇ ಕೂರುತ್ತದೆ.

ತೋಟದೊಳಗೆ ಪೈಪು ಎಳೆಯುವ ಹಾದಿಯನ್ನು ಮೊದಲೇ ಯೋಚಿಸಬೇಕು. ಕಲ್ಲುಕಟ್ಟೆಯ ಮೂಲೆ, ಕಡಿದ ಮರದ ಮೊಂಡು ಬುಡ, ಬಸಿಗಾಲುವೆಯ ಮೇಲಿನ ಸಂಕದ ಅಂಚು, ಇವು ಹೊರಪದರವನ್ನು ಕೆರೆದು ತೆಗೆಯುವ ಜಾಗಗಳು. ಅಲ್ಲಿ ಒಂದು ಅಡಿಕೆ ಹಾಳೆ ಹಾಸಿದರೆ ಸಾಕು, ಪೈಪು ನುಣ್ಣಗೆ ಜಾರುತ್ತದೆ. ಪೈಪು ಹಿಡಿದು ಹಿಂದೆ ನಡೆಯಲು ಒಬ್ಬ ಆಳು ಇರಲೇಬೇಕು ಎಂದು ನಾನು ವಾದಿಸುತ್ತೇನೆ. ಕೂಲಿ ಹೆಚ್ಚಾಯಿತು ಎನ್ನುವವರಿದ್ದಾರೆ. ನಮ್ಮ ಕಡೆಯ ಹಿರಿಯ ಕೊನೆಗಾರರೊಬ್ಬರು ಮರ ಹತ್ತುವ ಮುನ್ನ ಪ್ರತಿ ಸಲ ಹೇಳುತ್ತಿದ್ದುದು ಒಂದೇ ಮಾತು: “ಹೆಗಡೇರೆ, ನಾನು ಮೇಲಿದ್ದಾಗ ಪೈಪು ಎಳೀಬ್ಯಾಡಿ. ನೀವು ಎಳೆದ್ರೆ ನನ್ನ ಕೈ ಬತ್ತದೆ.” ಪೈಪಿನ ಆರೈಕೆಯ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಮಾತನ್ನು ನಾನು ಕೇಳಿಲ್ಲ. ಈಗ ದೋಟಿ ಹಿಡಿದು ನೆಲದಿಂದಲೇ ಮದ್ದು ಹೊಡೆಯುವ ತೋಟಗಳು ಹೆಚ್ಚುತ್ತಿವೆ. ಅಲ್ಲಿಯೂ ಎಳೆತ ಬಂದು ಬೀಳುವುದು ದೋಟಿ ಹಿಡಿದವನ ಭುಜಕ್ಕೇ.

ಇಂಜಿನ್ನಿನ ಹತ್ತಿರದ ಒಂದೆರಡು ಮೀಟರಿನ ಮೇಲೂ ಕಣ್ಣಿಡಬೇಕು. ಸೈಲೆನ್ಸರಿಗೆ ತಾಗಿ ಕರಗುವುದು, ಸೋರಿದ ಪೆಟ್ರೋಲಿನಲ್ಲಿ ನೆನೆಯುವುದು, ಕೂಡಿಕೆಯಿಂದ ಹೊರಬಿದ್ದ ಕೂಡಲೇ ಚೂಪಾಗಿ ಬಾಗುವುದು, ಎಲ್ಲವೂ ಅಲ್ಲೇ. ಎರಡೂ ತುದಿಯ ಕೂಡಿಕೆ ಒಂದೇ ತರಹದ್ದಾಗಿದ್ದರೆ ಪ್ರತಿ ಹಂಗಾಮಿಗೂ ತುದಿ ಬದಲಾಯಿಸಿ ಜೋಡಿಸುವುದು ಒಳ್ಳೆಯದು. ಸವೆತ ಒಂದೇ ಕಡೆ ಬೀಳುವುದಿಲ್ಲ. ಕೆಲಸ ಮುಗಿದಾಗ ಇಂಜಿನ್ ನಿಲ್ಲಿಸಿ, ಗನ್ ಒತ್ತಿ ಒಳಗಿನ ಒತ್ತಡವನ್ನು ಪೂರ್ತಿ ಬಿಟ್ಟ ಮೇಲೆಯೇ ಕೂಡಿಕೆ ಬಿಚ್ಚಬೇಕು. ಮುಖಕ್ಕೆ ಹಾರಿದ ಸುಣ್ಣ, ಮೈಲುತುತ್ತ ಕಣ್ಣಿಗೆ ಬಹಳ ಕೆಟ್ಟದ್ದು.

ಈ ಪೈಪು ವರ್ಷಕ್ಕೆ ದುಡಿಯುವುದು ಕೆಲವೇ ದಿನ. ಮುಂಗಾರಿನ ಹೊತ್ತಿಗೊಮ್ಮೆ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಹೊಳವು ನೋಡಿ ಇನ್ನೊಮ್ಮೆ, ಮಳೆ ಬಿಡದಿದ್ದರೆ ಮೂರನೆಯ ಸಲ. ಉಳಿದ ತಿಂಗಳೆಲ್ಲ ಬಿದ್ದುಕೊಂಡಿರುತ್ತದೆ, ಹಾಳಾಗುವುದರಲ್ಲಿ ಅರ್ಧ ಹಾಗೆ ಬಿದ್ದಲ್ಲೇ ಆಗುತ್ತದೆ. ಅಂಗಳದ ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ಕಿಗೆ ಮೆದುತನ ಕೊಟ್ಟ ಅಂಶ ಮೆಲ್ಲಗೆ ಹೊರಟುಹೋಗಿ ಪೈಪು ಸೆಡೆಯುತ್ತದೆ, ಬಾಗಿಸಿದಲ್ಲಿ ಬಿರಿಯುತ್ತದೆ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟವೂ ಅದಕ್ಕೆ ತಕ್ಕ ಜಾಗವಲ್ಲ. ಮೊಳೆಗೆ ನೇತುಹಾಕಿದರೆ ತನ್ನ ಭಾರಕ್ಕೇ ಅಲ್ಲಿ ಮಡಿಚುತ್ತದೆ. ಹಳೆಯ ಟೈರೊಂದನ್ನು ಗೋಡೆಗೆ ಬಿಗಿದು ಅದರ ಮೇಲೆ ಸಡಿಲವಾಗಿ ಹಾಕುವುದು ನಾನು ಕಂಡ ಅತ್ಯುತ್ತಮ ವ್ಯವಸ್ಥೆ. ಬೆಳಕು ಬೀಳದ, ಚೀಲಗಳ ರಾಶಿಯಿಂದ ದೂರದ ಗೋಡೆಯಾದರೆ ಇಲಿಯ ಕಾಟವೂ ಕಡಿಮೆ.

ಇಷ್ಟೆಲ್ಲ ಆರೈಕೆ ಮಾಡಿದರೂ ಪೈಪಿಗೊಂದು ಕೊನೆಯಿದೆ, ಅದನ್ನು ಒಪ್ಪಿಕೊಳ್ಳಬೇಕು. ಅಡುಗೆಮನೆಯ ಗ್ಯಾಸಿನ ಸುರಕ್ಷಾ ಪೈಪನ್ನು ನೋಡಲು ಚೆನ್ನಾಗಿದ್ದರೂ ಐದು ವರ್ಷಕ್ಕೆ ಬದಲಾಯಿಸಿ ಎನ್ನುತ್ತಾರೆ, ಅದು ಸರಿಯಾದ ಮಾತು. ಮದ್ದಿನ ಪೈಪಿಗೆ ಅಂಥ ಗಡುವು ಇಲ್ಲ, ನಾವೇ ಹಾಕಿಕೊಳ್ಳಬೇಕು. ಹಂಗಾಮಿನ ಮೊದಲು ಬರೀ ನೀರು ಬಿಟ್ಟು, ಒತ್ತಡ ಏರಿಸಿ, ತುದಿಯಿಂದ ತುದಿಗೆ ನಡೆದು ನೋಡಬೇಕು. ದಾರ ಕಂಡಲ್ಲಿ, ಉಬ್ಬಿದಲ್ಲಿ, ಬೆವೆತಂತೆ ಹನಿ ಕಂಡಲ್ಲಿ ಕತ್ತರಿಸಿ ಕೂಡಿಕೆ ಹಾಕಬೇಕು. ಟ್ಯೂಬಿನ ರಬ್ಬರ್ ಸುತ್ತಿ ತಂತಿ ಬಿಗಿಯುವುದು ಈ ಒತ್ತಡಕ್ಕೆ ನಿಲ್ಲುವುದಿಲ್ಲ. ಕೂಡಿಕೆಗಳೇ ಹೆಚ್ಚಾದರೆ ಹೊಸದು ತರಬೇಕು. ಹಳೆಯದರ ಗಟ್ಟಿ ತುಂಡುಗಳನ್ನು ಎಸೆಯಬೇಕಾಗಿಲ್ಲ. ಮದ್ದು ಕಲಸುವ ಡ್ರಮ್ಮಿಗೆ ನೀರು ತುಂಬಲು ಅವು ಆಗುತ್ತವೆ. ದನಗಳ ಬಾನಿಗೆ ಮಾತ್ರ ಅದರಲ್ಲಿ ನೀರು ಬಿಡಬೇಡಿ. ಎಷ್ಟು ತೊಳೆದರೂ ಒಳಗೆ ಮೈಲುತುತ್ತದ ಅಂಶ ಉಳಿದಿರುತ್ತದೆ.