ಬಗೆ ಕಡಿಮೆಯೆಂದರೆ ಹೊಳೆ ಗಲೀಜೇ?

ಒಂಬತ್ತನೆಯ ತರಗತಿಯ ಜೀವವೈವಿಧ್ಯ ಪಾಠಕ್ಕೆ ನಾನು ಆರಿಸಿಕೊಂಡ ಉದಾಹರಣೆ ಅಳಿವೆಯ ತಳದ ಕೆಸರು. ಅಭ್ಯಾಸ ಬೋಧನೆಗೆ ಸಿಕ್ಕ ಶಾಲೆ ಕುಮಟಾ ತಾಲ್ಲೂಕಿನದು, ಅಘನಾಶಿನಿ ಹೊಳೆಗೆ ಹತ್ತಿರ. ಪಾಠ ಯೋಜನೆ ನೋಡಿದ ಗೆಳತಿ, "ನೀರಿನ ಗುಣಮಟ್ಟ ಬೇಕಾದರೆ ನೀರನ್ನೇ ಪರೀಕ್ಷಿಸಬಹುದಲ್ಲ?" ಎಂದಳು. ಬಾಟಲಿಯ ನೀರು ಹೇಳುವುದು ಆ ಗಳಿಗೆಯ ಸುದ್ದಿ. ದಿನಕ್ಕೆರಡು ಸಲ ಉಬ್ಬರ ಇಳಿತವಿರುವಲ್ಲಿ ಸಂಜೆಗೆ ನೀರೇ ಬೇರೆ. ಕೆಸರಿನ ಹುಳುಗಳೂ ಚಿಪ್ಪುಜೀವಿಗಳೂ ಹಾಗೆ ಜಾಗ ಬಿಟ್ಟು ಹೋಗಲಾರವು. ತಿಂಗಳುಗಟ್ಟಲೆ ಮೇಲೆ ಹರಿದದ್ದನ್ನೆಲ್ಲ ತಡೆದುಕೊಂಡವು ಮಾತ್ರ ಅಲ್ಲಿರುತ್ತವೆ.

ತರಗತಿಗೆ ಎರಡು ತಟ್ಟೆ ಒಯ್ದೆ. ಎರಡರಲ್ಲೂ ಐದು ಬಗೆಯ 20 ಬೀಜಗಳು. ಒಂದರಲ್ಲಿ ಪ್ರತಿ ಬಗೆಯವೂ ನಾಲ್ಕು. ಇನ್ನೊಂದರಲ್ಲಿ ಹುಣಸೆಬೀಜವೇ 16, ಉಳಿದ ನಾಲ್ಕು ಬಗೆ ಒಂದೊಂದು. ವೈವಿಧ್ಯ ಎರಡರಲ್ಲೂ ಸಮ ಎಂದರು ಹಲವರು. ಸಿಂಪ್ಸನ್ 1949ರಲ್ಲಿ ಕೊಟ್ಟ ಲೆಕ್ಕದಂತೆ ಪ್ರತಿ ಬಗೆಯ ಪಾಲನ್ನು ವರ್ಗ ಮಾಡಿ, ಕೂಡಿಸಿ, ಒಂದರಿಂದ ಕಳೆದೆವು: ಮೊದಲ ತಟ್ಟೆಗೆ 0.80, ಎರಡನೆಯದಕ್ಕೆ 0.35. ವರದಿಗಳಲ್ಲಿ ಶ್ಯಾನನ್ ಸೂಚ್ಯಂಕವೂ ಬಹಳ ಕಾಣುತ್ತದೆ. ಅದಕ್ಕೆ ಲಾಗರಿದಮ್ ಬೇಕು, ಈ ತರಗತಿಗೆ ಅದು ಬೇಡ.

ಹುಣಸೆಬೀಜದ ಜಾಗದಲ್ಲಿ ಕ್ಯಾಪಿಟೆಲ್ಲ ಎಂಬ ದಾರದಂಥ ಕೆಂಪು ಹುಳುವನ್ನು ಕಲ್ಪಿಸಿಕೊಳ್ಳಲು ಹೇಳಿದೆ. ಕೊಳೆಯುವ ತ್ಯಾಜ್ಯ ತುಂಬಿ ಆಮ್ಲಜನಕ ಕುಗ್ಗಿದ ಕೆಸರಿನಲ್ಲಿ ಅದು ಸಾವಿರಗಟ್ಟಲೆ ಹೆಚ್ಚುತ್ತದೆ. ಇಂಥ ತ್ಯಾಜ್ಯ ಬೀಳುವ ಜಾಗ ಹತ್ತಿರವಾದಂತೆ ಬಗೆಗಳು ಕುಗ್ಗಿ, ತಾಳಿಕೊಳ್ಳಬಲ್ಲ ಕೆಲವು ಸಣ್ಣ ಹುಳುಗಳೇ ತುಂಬಿಕೊಳ್ಳುವ ಕ್ರಮವನ್ನು ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲಿ ವಿವರಿಸಿದ್ದರು. ಜೀವಿಗಳು ಹೆಚ್ಚಿದ್ದರೆ ಜಾಗ ಚೆನ್ನಾಗಿದೆ ಎಂಬ ಎಣಿಕೆ ಇಲ್ಲಿ ಮುರಿಯುತ್ತದೆ.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದಳು. "ನಮ್ಮಮ್ಮ ಹೊಳೆಯ ಮೇಲ್ಭಾಗದಲ್ಲಿ ಬೆಳಚು ಆರಿಸ್ತಾಳೆ. ಅಲ್ಲಿ ಕಪ್ಪು ಚಿಪ್ಪಿನದೊಂದೇ ಸಿಗೋದು. ಹಂಗಾರೆ ನಮ್ಮ ಹೊಳೆ ಗಲೀಜಾ ಟೀಚರ್?"

ನನ್ನ ಯೋಜನೆಯಲ್ಲಿ ಮೌಲ್ಯಮಾಪನಕ್ಕೆ ಉಳಿದಿದ್ದುದು ಐದು ನಿಮಿಷ. ಅದನ್ನು ಬಿಟ್ಟೆ. ಕಪ್ಪು ಚಿಪ್ಪಿನ ವಿಲ್ಲೋರಿಟ ಉಪ್ಪು ಕಡಿಮೆಯಿರುವ ನೀರಿನ ಜೀವಿ. ಸಮುದ್ರದ ಬಹಳಷ್ಟು ಜೀವಿಗಳು ಅಲ್ಲಿ ಬದುಕಲಾರವು. ಮಳೆಗಾಲದಲ್ಲಿ ಸಿಹಿನೀರು ನುಗ್ಗಿದಾಗ ಅಳಿವೆಯಲ್ಲೂ ಬಗೆಗಳು ಕುಗ್ಗುತ್ತವೆ. ಉಪ್ಪಿನ ಏರಿಳಿತ ಮಾಡಿದ್ದನ್ನು ಮಾಲಿನ್ಯದ ಲೆಕ್ಕಕ್ಕೆ ಬರೆದುಬಿಡುವ ಈ ಗೊಂದಲವನ್ನು ಎಲಿಯಟ್ ಮತ್ತು ಕ್ವಿಂಟಿನೊ 2007ರಲ್ಲಿ ಅಳಿವೆಯ ಗುಣಮಟ್ಟದ ವಿರೋಧಾಭಾಸವೆಂದೇ ಕರೆದರು. ಹಾಗೆಂದು ಅವಳ ಹೊಳೆ ಶುದ್ಧ ಎಂಬ ಪ್ರಮಾಣಪತ್ರವನ್ನೂ ನಾನು ಕೊಡಲಿಲ್ಲ. ಅಷ್ಟೇ ಉಪ್ಪಿನ, ಅಂಥದೇ ಕೆಸರಿನ ಇನ್ನೊಂದು ಜಾಗವನ್ನು ಅದೇ ತಿಂಗಳಲ್ಲಿ ನೋಡಿ ಹೋಲಿಸಬೇಕು ಎಂದೆ. ಕಪ್ಪುಹಲಗೆಯ ಕೋಷ್ಟಕಕ್ಕೆ ಮೂರು ಕಲಂ ಸೇರಿಸಿದೆವು: ಉಪ್ಪು, ತಳ, ತಿಂಗಳು.

ಗಂಟೆ ಬಾರಿಸಿತ್ತು. ಮೇಲ್ವಿಚಾರಕರು ಸಮಯ ಪಾಲನೆಗೆ ಅಂಕ ಕಳೆದರು. ನಿಯಮದಂತೆ ಅದು ಸರಿಯೇ. ಆದರೂ ಇದೇ ಪಾಠವನ್ನು ಮತ್ತೆ ಮಾಡುವುದಾದರೆ ಸೂತ್ರವನ್ನು ಬಿಟ್ಟೇನು, ಆ ಮೂರು ಕಲಂ ಬಿಡಲಾರೆ. ತಾಯಿಯ ದುಡಿಮೆಯ ಹೊಳೆಗೆ ಮಗಳ ನೋಟ್‌ಬುಕ್ಕಿನಲ್ಲಿ ಸುಮ್ಮನೆ ಕಳಂಕ ಬರೆಸುವ ಸೂತ್ರ ಯಾರಿಗೆ ಬೇಕು? ಮನೆಗೆಲಸವಾಗಿ, ಯಾವ ತಿಂಗಳು ಎಲ್ಲಿ ಯಾವ ಬೆಳಚು ಸಿಗುತ್ತದೆಂದು ಮನೆಯಲ್ಲಿ ಕೇಳಿ ಬರೆಯಲು ಹೇಳಿದೆ.