ಪರದೆಯ ಹಿಂದಿನ ಕೆಲಸ

ದೊಡ್ಡಬಳ್ಳಾಪುರದ ಮಗ್ಗಗಳನ್ನು ಕಂಡವರು ಜಕಾರ್ಡಿನ ತೂತು ರಟ್ಟುಗಳನ್ನು ಬಲ್ಲರು. ಒಂದೇ ರಟ್ಟಿನ ಮಾಲೆಯಿಂದ ಅನೇಕ ಸೀರೆಗಳಿಗೆ ಒಂದೇ ಅಂಚು ಮೂಡುವುದು. ಒಂದು ತೂತು ತಪ್ಪಿದರೆ ಆ ತಪ್ಪೂ ಎಲ್ಲದರಲ್ಲಿಯೂ ಮೂಡುವುದು. ಈ ಶಾಲೆಯ ಪೂರ್ವವಿದ್ಯಾರ್ಥಿನಿಯರಾದ ನಾವು ಬೆಂಗಳೂರಿನ ಕಚೇರಿಯೊಂದರಲ್ಲಿ ಕೈಗೊಂಡಿರುವ ಉದ್ಯೋಗವೂ ಹೆಚ್ಚುಕಡಿಮೆ ಇಂಥದೇ.

ಮೊಬೈಲಿನ ಪರದೆಯ ಗುಂಡಿ, ಅಕ್ಷರ, ಬಣ್ಣಗಳನ್ನು ಒಬ್ಬೊಬ್ಬರೂ ತಮಗೆ ತೋಚಿದಂತೆ ರಚಿಸಿದರೆ ಬಳಸುವವರು ದಿಕ್ಕುಗೆಡುವರು. ಆದಕಾರಣ ಅವುಗಳನ್ನು ಒಮ್ಮೆ ಚೆನ್ನಾಗಿ ರೂಪಿಸಿ, ನಿಯಮಗಳೊಡನೆ ಸಂಸ್ಥೆಯವರೆಲ್ಲರಿಗೂ ಒದಗಿಸುವುದುಂಟು. ಇದೇ ಡಿಸೈನ್ ಸಿಸ್ಟಮ್. ಗೂಗಲ್ ಸಂಸ್ಥೆಯು 2014ರಲ್ಲಿ ಮೆಟೀರಿಯಲ್ ಡಿಸೈನನ್ನು ಪ್ರಕಟಿಸಿತು. ಬೆಂಗಳೂರಿನ ರೇಜರ್‌ಪೇ ಸಂಸ್ಥೆಯು ಬ್ಲೇಡ್ ಎಂಬುದನ್ನು ಕಟ್ಟಿ ಸರ್ವರಿಗೂ ತೆರೆದಿಟ್ಟಿದೆ.

ಆದರೆ ಹೆತ್ತರಾಯಿತೆ? ಸಾಕಬೇಕು. ಅದಕ್ಕೆಂದೇ ಸಂಸ್ಥೆಯೊಳಗೆ ಒಂದು ತಂಡವಿರುವುದು. ಆ ತಂಡದವರು ಹೊಸಬರಿಗೆ ಕಲಿಸಬೇಕು. ಇತರ ವಿಭಾಗಗಳ ದೂರುಗಳನ್ನು ತಾಳ್ಮೆಯಿಂದ ಕೇಳಬೇಕು. ಏನನ್ನಾದರೂ ಬದಲಿಸುವ ಮುನ್ನ ಎಲ್ಲರಿಗೂ ತಿಳಿಸಬೇಕು. ಇಂಗ್ಲಿಷಿಗೆಂದು ಅಳೆದ ಸಾಲಿನಲ್ಲಿ ಕನ್ನಡದ ಒತ್ತಕ್ಷರಗಳು ಕತ್ತರಿಸಿಹೋಗುವುದನ್ನು ನಾವು ಕಂಡು ಸಾಲನ್ನು ಹಿಗ್ಗಿಸಿದ್ದೇವೆ. ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕಾಂತಿಯ ಪ್ರಮಾಣವು 4.5ಕ್ಕೆ 1ರಷ್ಟಾದರೂ ಇರಬೇಕೆಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಮಸುಕು ಬಣ್ಣವೇ ಅಂದವೆಂದು ವಾದಿಸುವವರೆದುರು, ದೃಷ್ಟಿ ಮಂದವಾದ ತಾಯಂದಿರ ಪರವಾಗಿ ನಿಲ್ಲುವುದೂ ನಮ್ಮ ಪಾಲಿನದೇ.

ಈ ಕೆಲಸಕ್ಕೆ ಹೆಸರು ಬಾರದು. ಖರ್ಚು ತಗ್ಗಿಸುವ ಕಾಲದಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಪೋಷಕರೇ, ನಿಮ್ಮ ಮಗಳು ಇಂಥ ಉದ್ಯೋಗವನ್ನು ಹಿಡಿದರೆ, ‘ನೀನು ಮಾಡಿದ್ದೇನು?’ ಎಂದು ಹಳಿಯದಿರಿ. ವಿದ್ಯುತ್ತಿನ ಬಿಲ್ಲನ್ನು ಮೊಬೈಲಿನಲ್ಲಿ ನೀವು ಯಾರ ನೆರವೂ ಇಲ್ಲದೆ ಕಟ್ಟಿದ ದಿನ, ಇಂಥ ಮಗಳೊಬ್ಬಳ ದುಡಿಮೆಯು ನಿಮ್ಮ ಕೈಯಲ್ಲಿದೆಯೆಂದು ತಿಳಿಯಿರಿ.